ಒಂದೇ ಬೋಸಿಯಲ್ಲಿ ಮಿತ್ರನೂ, ಮಿತ್ರನ ವಿಷವೂ!

ಪರಶುರಾಂಪುರ: ಮುಂಗಾರಿನ ಒಂದು ಹದವಾದ ಮಳೆ ಬಿದ್ದರೆ ಸಾಕು, ಈ ಹೋಬಳಿಯ ಗೊಬ್ಬರದಂಗಡಿಗಳ ಮುಂದೆ ಜನ ಸೇರುತ್ತಾರೆ. ಶೇಂಗಾ ಬೀಜಕ್ಕೆ ಹಚ್ಚಲು ಅಲ್ಲಿ ಸಿಗೋದು ಎರಡು ಬಗೆಯ ಪೊಟ್ಟಣ. ಒಂದು ಕಾರ್ಬೆಂಡಜಿಮ್, ರಾಸಾಯನಿಕ ಪುಡಿ. ಇನ್ನೊಂದು ಟ್ರೈಕೊಡರ್ಮಾ, ಜೀವ ಇರೋ ಬೂಷ್ಟು. "ಎರಡೂ ಹಾಕಿದ್ರೆ ಎರಡು ಪಟ್ಟು ಗುಣ" ಅಂತ ಒಂದೇ ಬೋಸಿಯಲ್ಲಿ ಕಲಸಿದರೆ ಕೆಲಸ ಕೆಟ್ಟಿತು. ಬೂಷ್ಟನ್ನು ಕೊಲ್ಲೋದೇ ಕಾರ್ಬೆಂಡಜಿಮ್ಮಿನ ಕಸುಬು. ಒಳ್ಳೇದು, ಕೆಟ್ಟದ್ದು ಅನ್ನೋ ಭೇದ ಅದಕ್ಕೆಲ್ಲಿ ಗೊತ್ತು? ದುಡ್ಡು ಕೊಟ್ಟು ತಂದ ಜೀವ ಹೊಲ ಸೇರೋ ಮುಂಚೆಯೇ ಸತ್ತಿರುತ್ತೆ.

ಇಷ್ಟಕ್ಕೂ ಬೀಜಕ್ಕೆ ಔಷಧಿ ಯಾಕೆ? ಬಿತ್ತಿದ ಮೂರ್ನಾಲ್ಕು ವಾರದಲ್ಲಿ ಎಳೆ ಗಿಡ ಇದ್ದಕ್ಕಿದ್ದಂತೆ ಬಾಡುತ್ತೆ. ಕಿತ್ತು ನೋಡಿದರೆ ಬುಡದ ಕತ್ತಿನಲ್ಲಿ ಮಸಿಯಂಥ ಕಪ್ಪು ಪುಡಿ. ಇದು ಕತ್ತುಕೊಳೆ. ಗಿಡ ಬಲಿತ ಮೇಲೆ ಬರೋದು ಬುಡಕೊಳೆ: ಹತ್ತಿಯಂಥ ಬಿಳಿ ಎಳೆ, ಅದರ ನಡುವೆ ಸಾಸಿವೆ ಕಾಳಿನಂಥ ಗುಂಡುಗಳು. ಆ ಗುಂಡುಗಳು ವರ್ಷಗಟ್ಟಲೆ ಮಣ್ಣಲ್ಲೇ ಕಾದು ಕೂತಿರುತ್ತವೆ. ಬೀನ್ಸು, ಟೊಮೆಟೊಗಳನ್ನೂ ಇದು ಬಿಡೋದಿಲ್ಲ. ರೋಗ ಇರೋದು ಮಣ್ಣಲ್ಲಿ; ಎಲೆ ಮೇಲೆ ಪಂಪು ಹೊಡೆದರೆ ದುಡ್ಡು ದಂಡ. ರಾಜ್ಯದಲ್ಲೇ ಅತಿ ಕಡಿಮೆ ಮಳೆಯಾಗುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ಗಿಡ ಸತ್ತ ಸಾಲಿಗೆ ಮತ್ತೆ ಬಿತ್ತೋಣ ಅಂದರೆ ಹದ ಎಲ್ಲಿ ಸಿಗಬೇಕು?

ಟ್ರೈಕೊಡರ್ಮಾದ ಕೆಲಸ ನೋಡುವಂಥದ್ದು. ಶತ್ರು ಬೂಷ್ಟಿನ ಎಳೆಗೆ ಬಳ್ಳಿಯ ಹಾಗೆ ಸುತ್ತಿಕೊಂಡು, ಅದರ ಗೋಡೆ ಕರಗಿಸಿ ತಿಂದುಹಾಕುತ್ತೆ. ಅಮೆರಿಕದ ವಿಜ್ಞಾನಿ ವೈಂಡ್ಲಿಂಗ್ 1932ರಲ್ಲೇ ಇದನ್ನು ಬರೆದಿಟ್ಟಿದ್ದರು. ಕೆ.ಜಿ. ಬೀಜಕ್ಕೆ 4 ಗ್ರಾಂ ಸಾಕು. ಎಕರೆಗೆ 50 ಕೆ.ಜಿ. ಬೀಜ ಹಿಡಿದರೆ 200 ಗ್ರಾಂ. ಹಚ್ಚಿ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತಬೇಕು. ಬೀಜಕ್ಕೆ ರಾಸಾಯನಿಕವೇ ಬೇಕು ಅನ್ನೋರು ಟ್ರೈಕೊಡರ್ಮಾವನ್ನು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ತೇವ ಆರದಂತೆ ಹದಿನೈದು ದಿನ ನೆರಳಲ್ಲಿ ಮುಚ್ಚಿಟ್ಟು ಮಣ್ಣಿಗೆ ಹಾಕಬಹುದು. ಇಬ್ಬರನ್ನೂ ಒಂದೇ ಮನೆಯಲ್ಲಿ ಇಡಬಾರದು, ಅಷ್ಟೇ.

ಅಂಗಡಿಯವರದ್ದೂ ಇದರಲ್ಲಿ ಪಾಲಿದೆ. ತಗಡಿನ ಸೂರಿನ ಕೆಳಗೆ, ಏಪ್ರಿಲ್-ಮೇ ಬಿಸಿಲಲ್ಲಿ ಬೆಂದ ಪೊಟ್ಟಣದಲ್ಲಿ ಉಳಿಯೋದು ಬರೀ ಸುಣ್ಣದಂಥ ಪುಡಿ. ತಯಾರಾದ ತಾರೀಕು ನೋಡದೆ ಕೊಡೋರೂ ಇದ್ದಾರೆ, ಕೇಳದೆ ಕೊಳ್ಳೋರೂ ಇದ್ದಾರೆ.

ಹಾಗಂತ ರಾಸಾಯನಿಕವೇ ಬೇಡ ಅನ್ನೋದೂ ಅತಿಯಾಯಿತು. ಈ ಸೀಮೆಯ ಅಚ್ಚುಮೆಚ್ಚಿನ ಟಿಎಂವಿ-2 ತಳಿ 1940ರಲ್ಲಿ ತಮಿಳುನಾಡಿನ ತಿಂಡಿವನಂನಿಂದ ಬಿಡುಗಡೆಯಾದದ್ದು. ಎಲೆ ಚುಕ್ಕೆಯ ಟಿಕ್ಕಾ ರೋಗಕ್ಕೆ ಅದು ಸುಲಭದ ತುತ್ತು. ಚುಕ್ಕೆ ಕಂಡ ಕೂಡಲೇ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಹೊಡೆಯೋದೇ ದಾರಿ.

ಯಾವ ರೋಗ ಅಂತಲೇ ಗೊತ್ತಾಗದಿದ್ದರೆ, ಬಾಡಿದ ಗಿಡವನ್ನು ಬುಡದ ಮಣ್ಣಿನ ಸಮೇತ ಚೀಲಕ್ಕೆ ಹಾಕಿಕೊಂಡು ಹಿರಿಯೂರಿನ ಬಸ್ಸು ಹತ್ತಬಹುದು. ಅಲ್ಲಿಯ ಬಬ್ಬೂರು ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ.