ಸಕ್ಕರೆ ಲ್ಯಾಬಿನ ಸಿಹಿ ವಿಷ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಡೆಯವರಾದ ನಮಗೆ ಸಕ್ಕರೆ ಕಾರ್ಖಾನೆ ಹೊಸದೇನಲ್ಲ. ಉಗಾರದ ಸಕ್ಕರೆ ಕಂಪನಿ ಶುರುವಾಗಿದ್ದೇ 1939ರಲ್ಲಿ. ಹಂಗಾಮು ಬಂತೆಂದರೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ಎಷ್ಟು ಟನ್ ಬಂತು, ರಿಕವರಿ ಎಷ್ಟು ಅನ್ನೋದೇ ಮನೆಮನೆಯ ಮಾತು. 2024-25ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ ಕ್ವಿಂಟಲ್‌ಗೆ 340 ರೂಪಾಯಿ, ಅದೂ 10.25% ರಿಕವರಿಯ ಲೆಕ್ಕಕ್ಕೆ. ಹಾಗಾಗಿ ಕಬ್ಬಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಅಳೆಯುವ ಲ್ಯಾಬಿನ ಕೆಲಸ ಸಣ್ಣದಲ್ಲ. ಇನ್‌ಪ್ಲಾಂಟ್ ಟ್ರೇನಿಂಗ್‌ಗೆ ಹೋಗುವ ನಮ್ಮಲ್ಲಿ ಹಲವರು ಆ ಲ್ಯಾಬಿನಲ್ಲಿ ನಿಲ್ಲುತ್ತೇವೆ. ಅಲ್ಲಿ ಕಾಣಬಹುದಾದ ಒಂದು ಬಿಳಿ ಪುಡಿಯ ಬಗ್ಗೆ ಈ ಲೇಖನ. ಅದರ ಹೆಸರು ಲೆಡ್ ಅಸಿಟೇಟ್.

ಅದು ಯಾಕೆ ಬೇಕು? ಸುಕ್ರೋಸ್ ದ್ರಾವಣ ಧ್ರುವೀಕೃತ ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. 26 ಗ್ರಾಂ ಶುದ್ಧ ಸುಕ್ರೋಸನ್ನು ನೀರಿನಲ್ಲಿ ಕರಗಿಸಿ 100 ಮಿ.ಲೀ. ಮಾಡಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 200 ಮಿ.ಮೀ. ಟ್ಯೂಬಿಗೆ ಹಾಕಿದರೆ ಸಕ್ಕರೆ ಪೋಲಾರಿಮೀಟರ್ 100 ತೋರಿಸುತ್ತದೆ. ಈ ಅಳತೆಗೇ ‘ಪೋಲ್’ ಅನ್ನುವುದು. ಆದರೆ ಕಬ್ಬಿನ ಹಾಲು ಕಪ್ಪು ಹಸಿರು, ಬೆಳಕೇ ದಾಟುವುದಿಲ್ಲ. ಅದಕ್ಕೆ ಹಳೆಯ ಪದ್ಧತಿಯಲ್ಲಿ 100 ಮಿ.ಲೀ. ಹಾಲಿಗೆ ಸುಮಾರು 1 ಗ್ರಾಂ ಬೇಸಿಕ್ ಲೆಡ್ ಅಸಿಟೇಟ್ ಹಾಕಿ ಕುಲುಕುತ್ತಾರೆ. ಅಂಟು, ಪ್ರೋಟೀನು, ಬಣ್ಣದ ಅಂಶಗಳು ಸೀಸದ ಜೊತೆ ಕೂಡಿ ತಳಕ್ಕೆ ಕೂರುತ್ತವೆ. ಸೋಸಿದರೆ ತಿಳಿಯಾದ ದ್ರಾವಣ ಸಿಗುತ್ತದೆ.

ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ಮತ್ತು ಸೀಸ ಕೂಡಿ ಆಗುವ ಲವಣ ಇದು. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಸಾಮಾನ್ಯ ಲೆಡ್ ಅಸಿಟೇಟ್ ನೀರಲ್ಲಿ ಸುಲಭವಾಗಿ ಕರಗುತ್ತದೆ, ರುಚಿ ಸಿಹಿ. ಹಾಗಾಗಿ ಹಳೆಯ ಹೆಸರೇ ‘ಸೀಸದ ಸಕ್ಕರೆ’. ರೋಮನ್ನರು ದ್ರಾಕ್ಷಿ ರಸವನ್ನು ಸೀಸದ ಪಾತ್ರೆಯಲ್ಲಿ ಕುದಿಸಿ ಪಾಕ ಮಾಡುತ್ತಿದ್ದರು. ಸಿಹಿಯ ಜೊತೆ ಸೀಸವೂ ಹೊಟ್ಟೆ ಸೇರುತ್ತಿತ್ತು.

ಸಕ್ಕರೆ ಲ್ಯಾಬಿನಲ್ಲಿ ಸಕ್ಕರೆಯಂತೆ ಕಾಣುವ ವಿಷ ಇರುವುದೇ ಮೊದಲ ಅಪಾಯ. ಎರಡನೆಯದು ಇನ್ನೂ ಕೆಟ್ಟದ್ದು. ಆಸಿಡ್ ಬಿದ್ದರೆ ಕೈ ತಕ್ಷಣ ಉರಿಯುತ್ತದೆ, ನಾವು ಹುಷಾರಾಗುತ್ತೇವೆ. ಇದು ಉರಿಯುವುದಿಲ್ಲ. “ಏನೂ ಆಗಂಗಿಲ್ಲ ಬಿಡ್ರಿ, ಇಷ್ಟ ವರ್ಷ ಹಿಡದೇನಿ” ಎಂಬ ಮಾತು ಹುಟ್ಟುವುದು ಇಲ್ಲೇ. ಸೀಸ ದೇಹದಲ್ಲಿ ಕ್ಯಾಲ್ಸಿಯಂನ ಜಾಗ ಹಿಡಿದು ಎಲುಬಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ರಕ್ತಕ್ಕೆ ಬೇಕಾದ ಹೀಮ್ ತಯಾರಾಗುವುದನ್ನು ತಡೆಯುತ್ತದೆ. ಹೊಟ್ಟೆನೋವು, ಮಲಬದ್ಧತೆ, ಸುಸ್ತು, ರಕ್ತಹೀನತೆ, ನರದ ತೊಂದರೆ ನಿಧಾನಕ್ಕೆ ಬರುತ್ತವೆ. ಗರ್ಭದಲ್ಲಿರುವ ಮಗುವಿಗೂ ಹಾನಿ. ಬಟ್ಟೆಗೆ ಅಂಟಿದ ಪುಡಿ ಮನೆಯ ಮಕ್ಕಳನ್ನೂ ಮುಟ್ಟುತ್ತದೆ.

ಇದು ಒಳಗೆ ಹೋಗುವ ಮುಖ್ಯ ದಾರಿ ಬಾಯಿ ಮತ್ತು ಉಸಿರು. ಜಾಗ್ರತೆಯೂ ಅಲ್ಲೇ ಬೇಕು.

ಪುಡಿ ತೂಗುವಾಗ ನೈಟ್ರೈಲ್ ಗ್ಲೌಸ್, ಕನ್ನಡಕ, ಎನ್95 ಮಾಸ್ಕ್ ಇರಲಿ, ಕರವಸ್ತ್ರ ಸಾಲದು. ಫ್ಯಾನ್ ಆಫ್ ಮಾಡಿ, ಸಾಧ್ಯವಾದರೆ ಫ್ಯೂಮ್ ಹುಡ್ ಒಳಗೇ ತೂಗಿ. ಬಾಯಿಂದ ಪಿಪೆಟ್ ಎಳೆಯಲೇಬಾರದು. ಚೆಲ್ಲಿದರೆ ಕಸಬರಿಗೆ ಹಿಡಿಯಬೇಡಿ, ಧೂಳೇಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಸೀಸದ ಕಸದ ಡಬ್ಬಿಗೇ ಹಾಕಿ. ಡಬ್ಬಿಗೆ ಗಟ್ಟಿ ಮುಚ್ಚಳ, ದೊಡ್ಡ ಲೇಬಲ್ ಇರಲಿ. ಸಕ್ಕರೆ ಸ್ಯಾಂಪಲ್ಲಿನ ಪಕ್ಕ ಇಡಬೇಡಿ. ಚಹಾ, ಊಟ ಲ್ಯಾಬಿನ ಹೊರಗೆ. ನಮ್ಮ ಕಡೆ ಇನ್ನೊಂದು ಮಾತು ಹೇಳಲೇಬೇಕು: ಅಂಗೈಯಲ್ಲಿ ತಂಬಾಕು, ಸುಣ್ಣ ತಿಕ್ಕಿ ಬಾಯಿಗೆ ಹಾಕುವವರ ಕೈಯಲ್ಲಿ ಈ ಪುಡಿ ಇದ್ದರೆ ಅದೂ ಜೊತೆಗೇ ಹೋಗುತ್ತದೆ. ಸ್ಯಾನಿಟೈಸರ್ ಸೀಸವನ್ನು ತೆಗೆಯುವುದಿಲ್ಲ. ಸೋಪು ಹಚ್ಚಿ ನೀರಲ್ಲಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ 15 ನಿಮಿಷ ನೀರು ಹಾಯಿಸಿ, ಡಾಕ್ಟರಿಗೆ ತೋರಿಸಿ. ನುಂಗಿದರೆ ಡಬ್ಬಿಯ ಲೇಬಲ್ ಸಮೇತ ನೇರ ಆಸ್ಪತ್ರೆಗೆ. ದಿನವೂ ಇದನ್ನು ಹಿಡಿಯುವವರು ರಕ್ತದಲ್ಲಿ ಸೀಸದ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಸೋಸಿದ ನೀರು, ಫಿಲ್ಟರ್ ಪೇಪರ್ ಸಿಂಕಿಗೂ ಹೋಗಬಾರದು, ಪ್ರೆಸ್‌ಮಡ್ ರಾಶಿಗೂ ಬೀಳಬಾರದು. ಪ್ರೆಸ್‌ಮಡ್ ಗೊಬ್ಬರವಾಗಿ ನಮ್ಮ ಹೊಲಕ್ಕೇ ಬರುತ್ತದೆ, ಸೀಸ ಕೊಳೆತು ಹೋಗುವ ವಸ್ತುವಲ್ಲ. ಬೇರೆ ಡಬ್ಬಿಯಲ್ಲಿ ಕೂಡಿಟ್ಟು, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಅನುಮತಿ ಇರುವವರಿಗೇ ಕೊಡಬೇಕು.

ಇದಕ್ಕೆಲ್ಲ ಒಳ್ಳೆಯ ಉತ್ತರ ಸೀಸವನ್ನೇ ಬಿಡುವುದು. ಅಲ್ಯೂಮಿನಿಯಂ ಸಂಯುಕ್ತ ಆಧಾರಿತ ಪುಡಿಗಳು ಬಂದಿವೆ. 880 ನ್ಯಾನೋಮೀಟರಿನ ಅವಕೆಂಪು ಬೆಳಕಿನ ಪೋಲಾರಿಮೀಟರ್‌ಗಳಲ್ಲಿ ಕಡುಬಣ್ಣದ ಹಾಲನ್ನೂ ಬರೀ ಫಿಲ್ಟರ್ ಮಾಡಿ ಅಳೆಯಬಹುದು. ಉಪಕರಣ ತುಟ್ಟಿ, ಹೌದು. ಆದರೆ ಆ ಲೆಕ್ಕ ಹಾಕುವಾಗ ಲ್ಯಾಬಿನಲ್ಲಿ ಟ್ಯೂಬು ತೊಳೆಯುವವರ ಕೈಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮುಂದಿನ ಹಂಗಾಮಿಗೆ ಟ್ರೇನಿಂಗ್‌ಗೆ ಹೋದಾಗ ಪೋಲ್ ಎಷ್ಟು ಬಂತು ಅಂತ ಬರೆದುಕೊಳ್ಳುತ್ತೀರಲ್ಲ, ಅದರ ಜೊತೆ ಒಂದು ಪ್ರಶ್ನೆ ಕೇಳಿ: “ಸರ್, ಈ ಫಿಲ್ಟರ್ ಪೇಪರ್ ಆಮೇಲೆ ಎಲ್ಲಿ ಹೋಗ್ತದ್ರಿ?”