‘ಚೆನ್ನಾಗಿದೆ’ ಎಂಬ ಮಾತಿನ ಬೆಲೆ

ಕಳೆದ ಮಳೆಗಾಲದ ಒಂದು ಭಾನುವಾರ ನನ್ನ ತಮ್ಮನ ಮಗ ನಾಲ್ವರು ಗೆಳೆಯರೊಡನೆ ಕುಣಿಗಲ್‌ನಿಂದ ತುಮಕೂರಿನ ನಮ್ಮ ಮನೆಗೆ ಬಂದ. ಎಲ್ಲರೂ ಎಂಜಿನಿಯರಿಂಗ್ ಓದಿದವರು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲೋ ಬೆಂಗಳೂರಿನಲ್ಲೋ ನೌಕರಿಯಲ್ಲಿರುವವರು. ಸಂಬಳದಲ್ಲಿ ಉಳಿಸಿದ ಹಣಕ್ಕೆ ನನ್ನ ತಮ್ಮನ ಹೆಂಡತಿ ಚೀಟಿ ಎತ್ತಿ ಕೊಟ್ಟದ್ದನ್ನೂ ಸೇರಿಸಿ, ಒಟ್ಟು 85 ಸಾವಿರ ರೂಪಾಯಿಗಳಲ್ಲಿ 18 ನಿಮಿಷಗಳ ಕಿರುಚಿತ್ರವೊಂದನ್ನು ತೆಗೆಯುತ್ತಿದ್ದರು. ಗುಬ್ಬಿಯ ಕಡೆಯ ಒಬ್ಬ ವೃದ್ಧ ಹಾರ್ಮೋನಿಯಂ ಮೇಷ್ಟ್ರು, ಅವರ ವಾದ್ಯವನ್ನು ಮಾರಲು ಹೊರಟ ಮಗ, ಇಷ್ಟೇ ಕಥೆ. ಎರಡು ದಿನದ ಚಿತ್ರೀಕರಣ ಇನ್ನೂ ಬಾಕಿ ಇತ್ತು. ಅಷ್ಟರಲ್ಲಿ 2 ನಿಮಿಷ 50 ಸೆಕೆಂಡುಗಳ ಒಂದು ಟ್ರೈಲರ್ ಸಿದ್ಧಪಡಿಸಿ, ಹಿರಿಯರಿಗೆ ತೋರಿಸಿ ಅಭಿಪ್ರಾಯ ಪಡೆಯಬೇಕೆಂದು ಬಂದಿದ್ದರು.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ತೋರಿಸಿದರು. ಮುಗಿದ ಕೂಡಲೇ ಹುಡುಗ ನನ್ನ ಮುಖ ನೋಡಿ, ‘ಹೇಗಿದೆ ದೊಡ್ಡಪ್ಪ?’ ಎಂದ. ‘ಚೆನ್ನಾಗಿದೆ, ತುಂಬ ಚೆನ್ನಾಗಿದೆ’ ಎಂದೆ. ನನ್ನ ಹೆಂಡತಿಯೂ ಹಾಗೆಯೇ ಎಂದಳು. ಕಾಫಿ ಕುಡಿದು, ಕಾಲಿಗೆ ನಮಸ್ಕರಿಸಿ ಹೊರಟರು.

ಅಂದು ರಾತ್ರಿ ತಮ್ಮನ ಹೆಂಡತಿ ದೂರವಾಣಿ ಮಾಡಿದಳು. ‘ಭಾವ, ನೀವೂ ಚೆನ್ನಾಗಿದೆ ಅಂದಿರಂತಲ್ಲ. ಮುಂದಿನ ತಿಂಗಳು ಕೆಲಸಕ್ಕೆ ರಾಜೀನಾಮೆ ಕೊಟ್ಟುಬಿಡ್ತೀನಿ ಅಂತಿದ್ದಾನೆ. ನೀವೇ ಹೇಳಿದ ಮೇಲೆ ನಾವೇನು ಹೇಳೋದು?’

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಏಕೆಂದರೆ ಆ ಟ್ರೈಲರ್ ಚೆನ್ನಾಗಿರಲಿಲ್ಲ, ಮತ್ತು ಅದು ನನಗೆ ಗೊತ್ತಿತ್ತು.

ನಾನೇಕೆ ಹಾಗೆ ಹೇಳಿದೆ? ಉತ್ತರ ಸುಲಭ. ನನಗೆ ಆ ಮಾತಿಗೆ ಏನೂ ಖರ್ಚಾಗಲಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನಾನು ಇದನ್ನು ಬೇಗ ಗುರುತಿಸಬೇಕಿತ್ತು. ಮಾರಾಟಗಾರನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ ಒಳ್ಳೆಯ ಸರಕು ಮಾರುಕಟ್ಟೆಯಿಂದ ಹಿಂದೆ ಸರಿದು ಕೆಟ್ಟದ್ದು ಉಳಿಯುತ್ತದೆಂದು ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆ ಕೊಟ್ಟು ತೋರಿಸಿದ. ಒಂದು ಸಂಕೇತಕ್ಕೆ ಬೆಲೆ ಬರಬೇಕಾದರೆ ಅದನ್ನು ಕೊಡುವವನಿಗೆ ಸ್ವಲ್ಪವಾದರೂ ಖರ್ಚು ತಗಲಬೇಕು ಎಂದು ಮೈಕೆಲ್ ಸ್ಪೆನ್ಸ್ ವಾದಿಸಿದ. 2001ರಲ್ಲಿ ಜೋಸೆಫ್ ಸ್ಟಿಗ್ಲಿಟ್ಸ್ ಜೊತೆಗೆ ಇಬ್ಬರಿಗೂ ನೊಬೆಲ್ ಬಂತು. ಎಲ್ಲರಿಗೂ, ಎಲ್ಲದಕ್ಕೂ ದೊರೆಯುವ ‘ಚೆನ್ನಾಗಿದೆ’ಯೂ ಹೀಗೆಯೇ. ನೋಟು ಹೆಚ್ಚು ಮುದ್ರಿಸಿದಷ್ಟೂ ರೂಪಾಯಿಯ ಬೆಲೆ ಕುಸಿಯುವಂತೆ ಹೊಗಳಿಕೆ ಅಗ್ಗವಾದಷ್ಟೂ ಅದರಿಂದ ತಿಳಿಯುವುದು ಏನೂ ಇರುವುದಿಲ್ಲ. ಆದರೂ ಕೇಳಿದವನು ಅದನ್ನು ನಂಬಿ ಕೆಲಸ ಬಿಡಲು ಹೊರಡುತ್ತಾನೆ.

ಇದರ ಇನ್ನೊಂದು ಮುಖವೂ ಅಂದು ರಾತ್ರಿ ನೆನಪಾಯಿತು. ಸೇವೆಯಲ್ಲಿದ್ದಾಗ ನನ್ನ ಕೈಕೆಳಗಿನ ಯುವ ಅಧಿಕಾರಿಯೊಬ್ಬರು ಒಂದು ವರದಿಯ ಕರಡು ಕಳುಹಿಸಿದ್ದರು. ನಾನು ಕಡತದ ಅಂಚಿನಲ್ಲಿ ‘ಪರಿಶೀಲಿಸಿ ಮರುಮಂಡಿಸಿ’ ಎಂದು ಬರೆದು ಹಿಂದಿರುಗಿಸಿದೆ. ಏನು ಪರಿಶೀಲಿಸಬೇಕೆಂದು ಬರೆಯಲಿಲ್ಲ. ಅವರು ತಮಗೆ ತೋಚಿದ್ದನ್ನು ತಿದ್ದಿ ನಾಲ್ಕು ಬಾರಿ ಕಳುಹಿಸಿದರು; ನಾಲ್ಕು ಬಾರಿಯೂ ಅದೇ ಷರಾ. ಕೊನೆಗೆ ನಾನೇ ಬರೆದು ಮುಗಿಸಿದೆ. ಆ ಬಳಿಕ ಅವರು ಸ್ವಂತ ಬುದ್ಧಿಯಿಂದ ಒಂದು ಸಾಲನ್ನೂ ಬರೆದದ್ದನ್ನು ನಾನು ಕಾಣಲಿಲ್ಲ. ಬರಿಯ ಹೊಗಳಿಕೆ, ಬರಿಯ ತಿರಸ್ಕಾರ ಎರಡೂ ವಿಳಾಸವಿಲ್ಲದ ಕಾಗದಗಳು. ಎಲ್ಲಿ, ಏನು, ಏಕೆ ಎಂಬುದನ್ನು ಎರಡೂ ತಿಳಿಸುವುದಿಲ್ಲ.

ನಮ್ಮ ಜಿಲ್ಲೆಗೆ ಈ ವಿದ್ಯೆ ಹೊಸತೇನಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಚನ್ನಬಸವೇಶ್ವರ ನಾಟಕ ಸಂಘ ಊರಿಂದೂರಿಗೆ ಕ್ಯಾಂಪು ಹೂಡಿ ಬದುಕಿದ್ದು ಪ್ರೇಕ್ಷಕನ ಅಭಿಪ್ರಾಯದ ಮೇಲೆಯೇ. ಟಿಕೆಟ್ಟಿಗೆ ಕಾಸು ಕೊಟ್ಟು ಕುಳಿತವನು ಮೆಚ್ಚಿದರೆ ‘ಒನ್ಸ್ ಮೋರ್’ ಎನ್ನುತ್ತಿದ್ದ. ಬೇಸರವಾದರೆ ಎದ್ದು ಹೋಗುತ್ತಿದ್ದ. ಯಾವ ದೃಶ್ಯದಲ್ಲಿ ಎದ್ದ ಎಂಬುದು ರಂಗದ ಮೇಲಿದ್ದವರಿಗೆ ಕಾಣುತ್ತಿತ್ತು. 1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ ರಾಜ್‌ಕುಮಾರ್ ಅವರನ್ನು ನಾಯಕನಾಗಿ ತೆರೆಗೆ ತಂದಿತು. ಆ ಕಥೆ ಅದಕ್ಕೆ ಮೊದಲೇ ಗುಬ್ಬಿ ಕಂಪನಿಯ ರಂಗದ ಮೇಲೆ ನಾಟಕವಾಗಿ ಜನರ ಮುಂದೆ ಪಳಗಿತ್ತು. ಕ್ಯಾಮೆರಾ ಬರುವ ಮುನ್ನವೇ ಪ್ರೇಕ್ಷಕ ಅದನ್ನು ತಿದ್ದಿಯಾಗಿತ್ತು ಎನ್ನಬಹುದು.

ಇಂದಿನ ಹುಡುಗರಿಗೆ ಆ ಪ್ರೇಕ್ಷಕನಿಲ್ಲ. ಅವರಿಗಿರುವವರು ನೆಂಟರು, ಗೆಳೆಯರು. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಚಿದಾನಂದ ಎಸ್. ನಾಯ್ಕ್ ಅವರ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಮೊದಲ ಬಹುಮಾನ ಪಡೆದಾಗ ನಾವೆಲ್ಲ ಹೆಮ್ಮೆಪಟ್ಟೆವು. ಕೋಳಿ ಕಳುವಾಗಿ ಊರಿಗೆ ಬೆಳಗೇ ಆಗದ ನಮ್ಮ ಜನಪದ ಕಥೆಯನ್ನು ನಾಲ್ಕು ದಿನಗಳಲ್ಲಿ ಚಿತ್ರೀಕರಿಸಿ ಮಾಡಿದ 16 ನಿಮಿಷಗಳ ಕನ್ನಡ ಚಿತ್ರವದು. ಸಣ್ಣ ಅವಧಿ, ಕೆಲವೇ ದಿನಗಳು ಒಳ್ಳೆಯ ಚಿತ್ರಕ್ಕೆ ಅಡ್ಡಿಯಲ್ಲ ಎಂಬುದಕ್ಕೆ ಅದು ಸಾಕ್ಷಿ. ಆದರೆ ಅದನ್ನು ಮಾಡಿದವರು ಪುಣೆಯ ಚಲನಚಿತ್ರ ಸಂಸ್ಥೆಯ ವಿದ್ಯಾರ್ಥಿಗಳು. ಅಧ್ಯಾಪಕರ, ಸಹಪಾಠಿಗಳ ಕಣ್ಣೆದುರಿನಲ್ಲಿ ಕಲಿತವರು. ಕುಣಿಗಲ್‌ನ ಹುಡುಗನಿಗೆ ಆ ಕಣ್ಣಾಗಬೇಕಾದವರು ನಾವೇ.

ಮರುದಿನ ಬೆಳಿಗ್ಗೆ ಅವನನ್ನು ಒಬ್ಬನೇ ಬರುವಂತೆ ಕರೆದೆ. ಬರುವಷ್ಟರಲ್ಲಿ, ಅವನು ನನ್ನ ಫೋನಿಗೆ ಹಾಕಿಕೊಟ್ಟಿದ್ದ ಟ್ರೈಲರನ್ನು ಮೂರು ಬಾರಿ ನೋಡಿದೆ. ಮೊದಲ ಬಾರಿ ಸುಮ್ಮನೆ, ಎರಡನೆಯ ಬಾರಿ ಪೆನ್ನು ಹಿಡಿದು, ಮೂರನೆಯ ಬಾರಿ ಕಣ್ಣು ಮುಚ್ಚಿ ಧ್ವನಿಯನ್ನಷ್ಟೇ ಕೇಳಿ. ಪ್ರತಿಯೊಂದು ಟಿಪ್ಪಣಿಯ ಮುಂದೆಯೂ ಅದು ಯಾವ ಸೆಕೆಂಡಿಗೆ ಸೇರಿದ್ದೆಂದು ಬರೆದೆ.

‘ನಿನ್ನೆ ಚೆನ್ನಾಗಿದೆ ಅಂದಿರಲ್ಲ ದೊಡ್ಡಪ್ಪ?’ ಎಂದ ಹುಡುಗ. ‘ನಿನ್ನೆ ನಾನು ಕೆಲಸ ತಪ್ಪಿಸಿಕೊಂಡೆ, ಇವತ್ತು ಮಾಡಿದ್ದೇನೆ’ ಎಂದೆ. ಅವನ ಮುಖ ಸಣ್ಣದಾಯಿತು.

ಮೊದಲು ಉಳಿಸಬೇಕಾದುದನ್ನು ಹೇಳಿದೆ. ಮಗ ಅಳತೆ ಟೇಪು ಹಿಡಿದು ಪೆಟ್ಟಿಗೆಯ ಉದ್ದಗಲ ಅಳೆಯುವಾಗ ಮೇಷ್ಟ್ರು ಕಿಟಕಿಯ ಕಡೆ ತಿರುಗುವ ನೋಟ ಸೊಗಸಾಗಿತ್ತು. ಅಲ್ಲಿ ಮಾತಿಲ್ಲ, ಆದರೂ ಎಲ್ಲ ತಿಳಿಯುತ್ತದೆ. ಅದಕ್ಕೆ ಕೈಹಚ್ಚಬೇಡ ಎಂದೆ. ಮೆಚ್ಚುಗೆಯನ್ನು ಮೊದಲು ಹೇಳುವುದು ಬೇಸರ ಕಳೆಯಲಿಕ್ಕಲ್ಲ. ತಿದ್ದುವ ಭರದಲ್ಲಿ ಒಳ್ಳೆಯದೂ ಕತ್ತರಿಗೆ ಸಿಕ್ಕಿಬಿಡಬಾರದೆಂದು.

ಬಳಿಕ ಕೊರತೆಗಳು. ಆರಂಭದ 22 ಸೆಕೆಂಡು ಬರೀ ಹೆಸರುಗಳು. ನೋಡುವವನಿಗೆ ಇನ್ನೂ ಪರಿಚಯವಿಲ್ಲದವರ ಹೆಸರುಗಳು. ಕುಣಿಗಲ್ ಕೆರೆಯ ಏರಿಯ ಮೇಲೆ ಅಪ್ಪ, ಮಗ ಆಡುವ ನಾಲ್ಕು ಮಾತುಗಳಲ್ಲಿ ಎರಡು ಗಾಳಿಯಲ್ಲಿ ತೇಲಿಹೋಗಿದ್ದವು. ಹಿನ್ನೆಲೆಗೆ 1970ರ ದಶಕದ ಒಂದು ಚಿತ್ರಗೀತೆಯನ್ನು ಎತ್ತಿ ಹಾಕಿದ್ದರು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಅನುಮತಿ ಇಲ್ಲದೆ ಬಳಸಿದರೆ ನಾಳೆ ಯಾವ ಚಿತ್ರೋತ್ಸವಕ್ಕೂ ಕಳುಹಿಸುವುದು ಕಷ್ಟ. ಎಲ್ಲಕ್ಕಿಂತ ದೊಡ್ಡ ತಪ್ಪು ಕೊನೆಯ 20 ಸೆಕೆಂಡುಗಳಲ್ಲಿತ್ತು: ಮಗ ಹಾರ್ಮೋನಿಯಂ ವಾಪಸು ತಂದು ತಂದೆಯ ಕಾಲಿಗೆ ಬೀಳುತ್ತಾನೆ.

‘ಇಷ್ಟನ್ನೂ ಇಲ್ಲೇ ನೋಡಿದವನು 18 ನಿಮಿಷ ಯಾಕಪ್ಪ ಕೂರಬೇಕು?’ ಎಂದು ಕೇಳಿದೆ. ನನ್ನ ಬಾಲ್ಯದ ಟೆಂಟ್ ಸಿನಿಮಾದ ಕರಪತ್ರಗಳನ್ನು ಅವನಿಗೆ ನೆನಪಿಸಿದೆ. ಜಟಕಾ ಗಾಡಿಯಿಂದ ತೂರುತ್ತಿದ್ದ ಆ ಬಣ್ಣದ ಕಾಗದದಲ್ಲಿ ಕಥೆ ಇರುತ್ತಿತ್ತು. ಆದರೆ ಗಂಟು ಬೀಳುವ ಜಾಗದಲ್ಲಿ ನಿಲ್ಲುತ್ತಿತ್ತು. ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಬೇಕು! ಹೆಸರಿಲ್ಲದ ಆ ಬರಹಗಾರರಿಗೆ ಟ್ರೈಲರ್ ಎಂದರೇನೆಂದು ಗೊತ್ತಿತ್ತು.

‘ಬಜೆಟ್ ಇರಲಿಲ್ಲ ದೊಡ್ಡಪ್ಪ’ ಎಂದ. ಅದು ನಿಜ, ಆದರೆ ತೆರೆಯ ಮೇಲೆ ಬಜೆಟ್ಟು ಕಾಣುವುದಿಲ್ಲ, ಕೇಳಿಸದ ಮಾತು ಮಾತ್ರ ಕಾಣುತ್ತದೆ. ಹಾಗೆಂದು ಅಭಿಪ್ರಾಯ ಹೇಳುವವನು ಬಜೆಟ್ಟನ್ನು ಮರೆಯಬಾರದು. ಡ್ರೋನ್ ತರಿಸು, ದೊಡ್ಡ ನಟರನ್ನು ಹಾಕು ಎನ್ನುವುದು ಸಲಹೆಯಲ್ಲ, ಹೀಯಾಳಿಕೆ. ನಾನು ಹೇಳಿದ್ದಕ್ಕೆಲ್ಲ ಹೆಚ್ಚು ಹಣ ಬೇಕಿರಲಿಲ್ಲ. ಕೇಳಿಸದ ಮಾತುಗಳನ್ನು ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಮತ್ತೆ ಹೇಳಿಸಿ ಜೋಡಿಸಬಹುದು. ಚಿತ್ರಗೀತೆಯ ಜಾಗದಲ್ಲಿ ಹಾರ್ಮೋನಿಯಂ ಒಂದೇ ಸಾಕು, ಕಥೆಯೇ ಅದರದ್ದಲ್ಲವೇ?

ಅಭಿಪ್ರಾಯ ಕೊಡುವುದು ಕಷ್ಟ. ಪಡೆಯುವುದು ಇನ್ನೂ ಕಷ್ಟ. ಹುಡುಗ ಪ್ರತಿಯೊಂದು ಮಾತಿಗೂ ಸಮಜಾಯಿಷಿ ಕೊಡುತ್ತಿದ್ದ. ಕಚೇರಿಯ ಲೆಕ್ಕಪರಿಶೋಧನೆಯ ಆಕ್ಷೇಪಣೆಗಳಿಗೆ ನಾನೂ ಹೀಗೆಯೇ ಉತ್ತರ ಬರೆಯುತ್ತಿದ್ದೆನಾದ್ದರಿಂದ ನಗು ಬಂತು. ‘ಉತ್ತರ ಕೊಡಬೇಡ, ಬರೆದುಕೋ. ಎರಡು ದಿನ ಬಿಟ್ಟು ಓದು. ಆಗಲೂ ತಪ್ಪೆನಿಸಿದರೆ ನನ್ನ ಮಾತನ್ನು ಬಿಟ್ಟುಬಿಡು’ ಎಂದೆ. ಜೊತೆಗೆ ಇನ್ನೊಂದು ಕೆಲಸ ಹಚ್ಚಿದೆ: ನೆಂಟರಲ್ಲದ ಮೂವರಿಗೆ ತೋರಿಸು. ‘ಹೇಗಿದೆ?’ ಎಂದು ಮಾತ್ರ ಕೇಳಬೇಡ. ಆ ಪ್ರಶ್ನೆಗೆ ಈ ನಾಡಿನಲ್ಲಿ ಒಂದೇ ಉತ್ತರ. ‘ಇದು ಯಾರ ಕಥೆ ಅನ್ನಿಸಿತು? ಎಲ್ಲಿ ಬೇಜಾರಾಯಿತು? ನಾಳೆಗೆ ಏನು ನೆನಪಿರುತ್ತೆ?’ ಎಂದು ಕೇಳು.

ಒಂದು ವಾರದ ನಂತರ ಬಂದ. ಕಾಲೇಜಿನ ಹುಡುಗಿಯೊಬ್ಬಳು ಹೆಸರುಗಳು ಮುಗಿಯುವ ಮೊದಲೇ ನೋಡುವುದನ್ನು ನಿಲ್ಲಿಸಿದ್ದಳಂತೆ. ಗುಬ್ಬಿಯ ಬಳಿ ಹಳ್ಳಿಗರಿಗೆ ‘ಕುರುಕ್ಷೇತ್ರ’ ನಾಟಕ ಕಲಿಸುವ ವೃದ್ಧ ಮೇಷ್ಟ್ರೊಬ್ಬರು ಮೊದಲ ದೃಶ್ಯಕ್ಕೇ ತಲೆಯಾಡಿಸಿದ್ದರು. ‘ಇದೇನಪ್ಪ, ನಾಟಕದ ಮೇಷ್ಟ್ರು ಒಂದು ಕೈಲಿ ತಿದಿ ಒತ್ಕೊಂಡು ಕೂತವ್ರೆ? ಇದು ಭಜನೆ ಮನೆ ಪೆಟ್ಟಿಗೆ. ನಮ್ಮದು ಕಾಲಲ್ಲಿ ತುಳಿಯೋದು, ಎರಡು ಕೈಯೂ ಮನೆ ಮೇಲೆ ಓಡ್ಬೇಕು’ ಎಂದು, ತಮ್ಮ ಕಾಲು ಹಾರ್ಮೋನಿಯಂ ತೋರಿಸಿ, ಬೇಕಾದರೆ ಎರಡು ದಿನಕ್ಕೆ ಒಯ್ಯಿರೆಂದರಂತೆ. ಮೂರು ಬಾರಿ ನೋಡಿದ ನನಗೆ ಆ ತಪ್ಪು ಕಂಡಿರಲಿಲ್ಲ.

ಮೂರನೆಯವರು ಕುಣಿಗಲ್‌ನ ಬೇಕರಿಯವರು. ಇಲ್ಲಿ ನನ್ನ ಲೆಕ್ಕವೇ ತಪ್ಪಿತು. ಕೆರೆಯ ಏರಿಯ ಮೇಲೆ ಯಾರೂ ಇಲ್ಲದ ಎಂಟು ಸೆಕೆಂಡುಗಳ ಒಂದು ದೃಶ್ಯವಿತ್ತು. ‘ಸುಮ್ಮನೆ ಕಾಲಹರಣ, ತೆಗೆದುಹಾಕು’ ಎಂದು ನಾನು ಬರೆದುಕೊಟ್ಟಿದ್ದೆ. ಬೇಕರಿಯವರಿಗೆ ನೆನಪುಳಿದದ್ದು ಅದೊಂದೇ. ‘ಆ ಖಾಲಿ ಏರಿ ತೋರಿಸ್ತೀರಲ್ಲ, ಮನೇಲಿ ಯಾರೋ ಹೋಗ್ಬಿಟ್ಟಂಗಾಯ್ತು’ ಎಂದರಂತೆ. ಹುಡುಗ ಇದನ್ನು ಹೇಳುವಾಗ ನನ್ನ ಮುಖ ನೋಡಲು ಸಂಕೋಚಪಟ್ಟ. ‘ಹಾಗಾದರೆ ಇರಲಿ’ ಎಂದೆ. ಹೇಳುವುದು ನಮ್ಮ ಹೊಣೆ. ಆಯ್ಕೆ ಮಾಡುವ ಹಕ್ಕು ಮಾಡಿದವನದು.

ಬಾಕಿ ಇದ್ದ ಎರಡು ದಿನದ ಚಿತ್ರೀಕರಣ ಕಾಲು ಹಾರ್ಮೋನಿಯಂ ಇಟ್ಟುಕೊಂಡು ನಡೆಯಿತು. ಹೊಸ ಟ್ರೈಲರ್ 1 ನಿಮಿಷ 10 ಸೆಕೆಂಡಿನದು. ಕತ್ತಲಲ್ಲಿ ತುಳಿಯುವ ಎರಡು ಮುದಿ ಪಾದಗಳು, ಉಸಿರೆಳೆದಂತೆ ಏಳುವ ಸ್ವರ, ಅಳತೆ ಟೇಪು, ಖಾಲಿ ಏರಿ. ಪೆಟ್ಟಿಗೆ ಮಾರಾಟವಾಯಿತೋ ಇಲ್ಲವೋ ತಿಳಿಯುವುದಿಲ್ಲ.

ಹುಡುಗ ಕೆಲಸಕ್ಕೆ ರಾಜೀನಾಮೆ ಕೊಟ್ಟಿಲ್ಲ. ಸಂಕಲನ ಮುಗಿಸಲು ಒಂದು ವಾರ ರಜೆ ಹಾಕಿದ್ದಾನೆ. ಮುಂದೊಂದು ದಿನ ಬಿಟ್ಟರೂ ಬಿಡಬಹುದು. ಆಗ ಅದು ದೊಡ್ಡಪ್ಪನ ಒಂದು ಉಪಚಾರದ ಮಾತನ್ನು ನಂಬಿ ಮಾಡಿದ ತೀರ್ಮಾನ ಆಗಿರುವುದಿಲ್ಲ ಎಂಬುದಷ್ಟೇ ನನ್ನ ಸಮಾಧಾನ. ಈ ಚಿತ್ರಕ್ಕೆ ಬಹುಮಾನ ಬರುವುದೋ ಇಲ್ಲವೋ ಹೇಳಲಾರೆ.

ನಮ್ಮ ಮನೆಗಳಿಗೆ ಇಂದು ಕವನ ಹಿಡಿದು, ಚಿತ್ರ ಹಿಡಿದು, ಫೋನಿನಲ್ಲಿ ತೆಗೆದ ಸಿನಿಮಾ ಹಿಡಿದು ಮಕ್ಕಳು ಬರುತ್ತಾರೆ. ಅವರಿಗೆ ಕಾಫಿ ಕೊಡೋಣ. ಬಳಿಕ ಅರ್ಧ ಗಂಟೆ ಬಿಡುವು ಮಾಡಿಕೊಂಡು, ಕನ್ನಡಕ ಹಾಕಿಕೊಂಡು, ಪೆನ್ನು ಹಿಡಿದು ನೋಡೋಣ. ಮೊನ್ನೆ ಹೊಸ ಟ್ರೈಲರ್ ತೋರಿಸಿ ಹುಡುಗ ‘ಹೇಗಿದೆ?’ ಎಂದು ಕೇಳಲಿಲ್ಲ. ‘ಎಲ್ಲಿ ಬೇಜಾರಾಯಿತು ದೊಡ್ಡಪ್ಪ?’ ಎಂದ. ಎಲ್ಲಿಯೂ ಆಗಿರಲಿಲ್ಲ. ‘ಚೆನ್ನಾಗಿದೆ’ ಎಂದೆ. ಈ ಸಲ ಅವನು ಅದನ್ನು ನಂಬಬಹುದಿತ್ತು.