ಹಳೇ ಟ್ರೇಲರ್‌ಗೆ ಹೊಸ ಸೌಕರ್ಯ: ಮೊದಲು ಹಾಕಬೇಕಾದ್ದು ಯಾವುದು?

ಇವತ್ತು ನಮ್ಮ ಹಳೇ ಟ್ರೇಲರ್ ಕಥೆ. ಟ್ರೇಲರ್ ಅಂದ್ರೆ ಸಿನಿಮಾದ್ದಲ್ಲ. ಕಾರಿನ ಹಿಂದೆ ಕಟ್ಟಿಕೊಂಡು ಎಳೆದುಕೊಂಡು ಹೋಗೋ ಪುಟ್ಟ ಮನೆ.

ನಾವಿರೋದು ಅಮೆರಿಕದ ಒರೆಗಾನ್‌ನಲ್ಲಿ. ಎರಡು ವರ್ಷದ ಹಿಂದೆ 1972ರ ಏರ್‌ಸ್ಟ್ರೀಮ್ ಒಂದನ್ನ ಕೊಂಡ್ವಿ. ಅಲ್ಯೂಮಿನಿಯಂ ಮೈ, ನೋಡೋಕೆ ದೊಡ್ಡ ಬೆಳ್ಳಿ ಕ್ಯಾಪ್ಸೂಲ್ ಥರ. ಅದಕ್ಕೆ ಏನೇನು ಬೇಕು ಅಂತ ಪಟ್ಟಿ ಬರೆದೆ: ಎಲ್‌ಇಡಿ ದೀಪ, ಫ್ರಿಜ್, ಇಂಡಕ್ಷನ್ ಒಲೆ. ಕೊನೇ ಸಾಲಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರಂ. ಪಕ್ಕದಲ್ಲಿ 'ಆಮೇಲೆ ನೋಡೋಣ' ಅಂತ ಬರೆದಿದ್ದೆ.

ಮೊದಲು ಕರೆಂಟಿನ ಲೆಕ್ಕ ನೋಡೋಣ. 100 ಆಂಪಿಯರ್-ಅವರ್‌ನ 12 ವೋಲ್ಟ್ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್-ಅವರ್ ಶಕ್ತಿ ಇರುತ್ತೆ. 50 ವ್ಯಾಟಿನ ಫ್ರಿಜ್ ಬಿಡುವಿಲ್ಲದೆ ಓಡಿದ್ರೂ ಒಂದು ದಿನ ದಾಟುತ್ತೆ. ಅದೇ 1,800 ವ್ಯಾಟಿನ ಇಂಡಕ್ಷನ್ ಒಲೆ ಹಚ್ಚಿದ್ರೆ ಮುಕ್ಕಾಲು ಗಂಟೆಯೊಳಗೆ ಬ್ಯಾಟರಿ ಖಾಲಿ. ಹಳೇ ಬಲ್ಬು ಒಂದೊಂದೂ 18 ವ್ಯಾಟ್ ಕುಡೀತಿತ್ತು. ಎಲ್‌ಇಡಿಗೆ ಮೂರು ವ್ಯಾಟ್ ಸಾಕು. ಹಾಗಾಗಿ ದೀಪ ಬದಲಾಯಿಸಿದೆ, ಒಲೆ ಕೈಬಿಟ್ಟೆ.

ಇನ್ನು ವೈರಿಂಗ್. 120 ವ್ಯಾಟಿನ ಉಪಕರಣಕ್ಕೆ 120 ವೋಲ್ಟಿನಲ್ಲಿ ಒಂದೇ ಆಂಪಿಯರ್ ಸಾಕು. 12 ವೋಲ್ಟಿನಲ್ಲಿ ಹತ್ತು ಬೇಕು. ಹೆಚ್ಚು ಆಂಪಿಯರ್ ಹರಿದಷ್ಟೂ ವೈರ್ ಬಿಸಿಯಾಗುತ್ತೆ. ಫ್ಯೂಸ್ ಮುಖ್ಯವಾಗಿ ಕಾಪಾಡೋದು ಫ್ರಿಜ್ಜನ್ನಲ್ಲ, ವೈರನ್ನ. ಪದೇ ಪದೇ ಹಾರುತ್ತೆ ಅಂತ ದೊಡ್ಡ ಫ್ಯೂಸ್ ಹಾಕಿದ್ರೆ, ಗೋಡೆಯೊಳಗಿನ ತೆಳು ವೈರೇ ಸುಟ್ಟುಹೋಗಬಹುದು.

ಇಷ್ಟೆಲ್ಲಾ ಲೆಕ್ಕ ಹಾಕಿದ ನಾನೇ ಒಂದು ಕಡೆ ಎಡವಿದೆ. ಅಕ್ಟೋಬರ್‌ನ ಒಂದು ಚಳಿ ರಾತ್ರಿ, ಕಾಡಿನ ಅಂಚಲ್ಲಿ ತಂಗಿದ್ವಿ. ಟ್ರೇಲರ್‌ನ ಹಳೇ ಗ್ಯಾಸ್ ಹೀಟರ್ ಹಚ್ಚಿ ಮಲಗಿದೆವು. ನಡುರಾತ್ರಿ ಮಗಳು ವಾಂತಿ ಮಾಡಿಕೊಂಡಳು. ಹೆಂಡತಿಗೆ ತಲೆಭಾರ, ನನಗೂ ಅಷ್ಟೇ. ದಾರಿಯಲ್ಲಿ ತಿಂದಿದ್ದು ಹಿಡಿಸಲಿಲ್ಲ ಅಂದ್ಕೊಂಡೆ. ಮಗಳನ್ನ ಎತ್ತಿಕೊಂಡು ಹೊರಗೆ ಬಂದು ನಿಂತಾಗ, ಸ್ವಲ್ಪ ಹೊತ್ತಿಗೆ ತಲೆ ಹಗುರಾಯ್ತು. ಆಗ ಅನುಮಾನ ಬಂತು. ಆಮೇಲೆ ಬಿಚ್ಚಿ ನೋಡಿದರೆ ಹೀಟರ್‌ನೊಳಗಿನ ಲೋಹದ ಗೂಡು ಬಿರುಕು ಬಿಟ್ಟಿತ್ತು. ಹೊಗೆಕೊಳವೆಯಿಂದ ಹೊರಗೆ ಹೋಗಬೇಕಾದ ಅನಿಲ ಒಳಗೇ ಸೋರುತ್ತಿತ್ತು.

ಗ್ಯಾಸ್ ಪೂರ್ತಿ ಉರಿಯದಿದ್ದಾಗ ಹುಟ್ಟೋದು ಕಾರ್ಬನ್ ಮೊನಾಕ್ಸೈಡ್. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂತುಬಿಡುತ್ತೆ. ನಿದ್ದೆಯಲ್ಲಿದ್ದರೆ ಗೊತ್ತೇ ಆಗಲ್ಲ. ಅವತ್ತು ನಮ್ಮನ್ನ ಎಬ್ಬಿಸಿದ್ದು ಮಗಳು, ನಾನು ಮುಂದಕ್ಕೆ ಹಾಕಿದ ಅಲಾರಂ ಅಲ್ಲ.

ಈಗ ಹೊಸ ಹೀಟರ್ ಇದೆ, ಮಲಗೋ ಜಾಗದ ಪಕ್ಕ ಅಲಾರಂ ಇದೆ. ಎಸಿ ಇನ್ನೂ ಇಲ್ಲ, ಪರವಾಗಿಲ್ಲ.

ನನ್ನತ್ರ ಟ್ರೇಲರ್ ಇಲ್ಲವಲ್ಲ ಅಂತೀರಾ? ಊರಲ್ಲಿ ಕಿಟಕಿ ಮುಚ್ಚಿದ ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಇದ್ಯಾ? ಅಲ್ಲೂ ಇದೇ ಅನಿಲ, ಇದೇ ಅಪಾಯ. ಸ್ನಾನದ ನಡುವೆ ತಲೆ ಸುತ್ತಿದರೆ ಕಾಯಬೇಡಿ. ಮೊದಲು ಹೊರಗೆ ಬನ್ನಿ.